ಇಸ್ಲಾಮಿಕ್ ಹಣಕಾಸಿಗೆ ಬಂಡವಾಳವಿದೆ, ಬಲ್ಲವರು ಸಾಲದು

ಪಾಕಿಸ್ತಾನದ ಸಂಸತ್ತು 2024ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿದ 26ನೇ ಸಂವಿಧಾನ ತಿದ್ದುಪಡಿಯಲ್ಲಿ, 2028ರ ಜನವರಿ 1ರ ಹೊತ್ತಿಗೆ ಬಡ್ಡಿಯನ್ನು ಸಾಧ್ಯವಾದಷ್ಟು ಮಟ್ಟಿಗೆ ನಿರ್ಮೂಲ ಮಾಡಬೇಕೆಂಬ ಮಾತು ಸೇರಿಕೊಂಡಿತು. ಅದಕ್ಕೂ ಮೊದಲು, 2022ರ ಏಪ್ರಿಲ್‌ನಲ್ಲಿ, ಅಲ್ಲಿನ ಫೆಡರಲ್ ಶರಿಯತ್ ನ್ಯಾಯಾಲಯವು 2027ರ ಡಿಸೆಂಬರ್ ಮುಗಿಯುವುದರೊಳಗೆ ಬಡ್ಡಿ ಹೋಗಬೇಕೆಂದು ತೀರ್ಪು ಕೊಟ್ಟಿತ್ತು. ಆ ದೇಶದ ಬ್ಯಾಂಕುಗಳ ಒಟ್ಟು ಆಸ್ತಿಯಲ್ಲಿ, ಬಡ್ಡಿ ಇಲ್ಲದೆ ನಡೆಯುವ ಇಸ್ಲಾಮಿಕ್ ಬ್ಯಾಂಕಿಂಗ್‌ನ ಪಾಲು ಸುಮಾರು ಐದನೇ ಒಂದರ ಆಸುಪಾಸಿನಲ್ಲಿದೆ. ಉಳಿದ ಪಾಲೆಲ್ಲ ಬದಲಾಗಬೇಕಾದರೆ ಸರ್ಕಾರದ ಸಾಲಪತ್ರಗಳಿಂದ ಹಿಡಿದು ಹಳ್ಳಿ ಶಾಖೆಯ ಬೆಳೆ ಸಾಲದವರೆಗೆ ಪ್ರತಿಯೊಂದು ಒಪ್ಪಂದವೂ ಹೊಸ ರೂಪ ತಾಳಬೇಕು. ಕಾನೂನು ಹೇಗಿರಬೇಕು, ಬಂಡವಾಳ ಎಲ್ಲಿಂದ ಬರಬೇಕು, ತಂತ್ರಾಂಶ ಯಾವುದಿರಬೇಕು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಆದರೆ ಆ ಒಪ್ಪಂದಗಳನ್ನು ಬರೆಯುವ ಅಧಿಕಾರಿ, ತಪಾಸಣೆ ಮಾಡುವ ಲೆಕ್ಕಪರಿಶೋಧಕ, ವ್ಯಾಜ್ಯ ಬಂದಾಗ ತೀರ್ಪು ಹೇಳುವ ನ್ಯಾಯಾಧೀಶ ಇವರೆಲ್ಲ ಎಲ್ಲಿ ತಯಾರಾಗುತ್ತಿದ್ದಾರೆ ಎಂಬ ಪ್ರಶ್ನೆಗೆ ಅಷ್ಟೇ ಗಂಭೀರವಾದ ಉತ್ತರ ಸಿಕ್ಕಿಲ್ಲ.

ಈ ಕೊರತೆ ಪಾಕಿಸ್ತಾನದ್ದು ಮಾತ್ರವಲ್ಲ. ಜಗತ್ತಿನಾದ್ಯಂತ ಇಸ್ಲಾಮಿಕ್ ಹಣಕಾಸು ಉದ್ಯಮದ ಗಾತ್ರ ಇಂದು 3 ಲಕ್ಷ ಕೋಟಿ ಡಾಲರ್‌ಗಳನ್ನು ದಾಟಿದೆ. ಬ್ಯಾಂಕುಗಳು, ಸುಕುಕ್ ಎಂದು ಕರೆಯುವ ಹೂಡಿಕೆ ಪತ್ರಗಳು, ತಕಾಫುಲ್ ಎಂಬ ಪರಸ್ಪರ ವಿಮೆ, ಮ್ಯೂಚುವಲ್ ಫಂಡ್‌ಗಳು ಇವೆಲ್ಲ ಸೇರಿ ಅದು ಕೊಲ್ಲಿ ರಾಷ್ಟ್ರಗಳಿಂದ ಮಲೇಷ್ಯಾ, ಇಂಡೊನೇಷ್ಯಾ, ಟರ್ಕಿ, ಬ್ರಿಟನ್‌ವರೆಗೆ ಹರಡಿದೆ. ಹಣ ಬೆಳೆದ ವೇಗದಲ್ಲಿ ಅದನ್ನು ಅರಿತು ನಡೆಸುವ ಜನ ಬೆಳೆಯಲಿಲ್ಲ ಎಂಬುದು ಈ ಕ್ಷೇತ್ರದೊಳಗಿನವರೇ ಹಲವು ವರ್ಷಗಳಿಂದ ಹೇಳಿಕೊಂಡು ಬಂದ ಮಾತು. ಈ ಕೊರತೆಯನ್ನು ಸಾಮಾನ್ಯವಾಗಿ ಪದವೀಧರರ ಸಂಖ್ಯೆಯ ಲೆಕ್ಕದಲ್ಲಿ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಸಂಖ್ಯೆಯ ಪ್ರಶ್ನೆಯಾಗುವುದು ಆಮೇಲೆ. ಧರ್ಮಶಾಸ್ತ್ರದ ಒಪ್ಪಂದ ನಿಯಮವನ್ನೂ ಬ್ಯಾಂಕಿನ ಲೆಕ್ಕಪತ್ರವನ್ನೂ ಒಟ್ಟಿಗೆ ಓದಬಲ್ಲ, ತಪ್ಪು ಕಂಡಾಗ 'ಇದು ಆಗದು' ಎಂದು ಹೇಳಬಲ್ಲ, ಹಾಗೆ ಹೇಳಿದ್ದಕ್ಕೆ ಕೆಲಸ ಕಳೆದುಕೊಳ್ಳದ ವ್ಯಕ್ತಿ ಬೇಕು. ಅಂಥವರನ್ನು ಬೆಳೆಸುವ ವ್ಯವಸ್ಥೆ ಬಹುತೇಕ ಕಡೆ ಅರ್ಧಕ್ಕೇ ನಿಂತಿದೆ.

ಇದರ ಬೇರು ಇತಿಹಾಸದಲ್ಲಿದೆ. ಇಸ್ಲಾಮಿಕ್ ಅರ್ಥಶಾಸ್ತ್ರ ಹುಟ್ಟಿದ್ದು ಬ್ಯಾಂಕುಗಳಿಗಿಂತ ಮೊದಲು, ಅದೂ ಗಣನೀಯ ಮಟ್ಟಿಗೆ ನಮ್ಮ ಉಪಖಂಡದಲ್ಲಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅನ್ವರ್ ಇಕ್ಬಾಲ್ ಖುರೇಷಿ 1940ರ ದಶಕದಲ್ಲೇ ಬಡ್ಡಿಯ ಸಿದ್ಧಾಂತವನ್ನು ಆಧುನಿಕ ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಪ್ರಶ್ನಿಸಿ ಬರೆದರು. ಬೀದರ್, ಕಲಬುರಗಿ, ರಾಯಚೂರುಗಳು ಅಂದು ಅದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು ಎಂಬುದನ್ನು ಇಲ್ಲಿ ನೆನೆಯಬಹುದು. ಗೋರಖಪುರದಲ್ಲಿ ಹುಟ್ಟಿ ಅಲೀಗಢದಲ್ಲಿ ಕಲಿಸಿದ ಮುಹಮ್ಮದ್ ನೆಜಾತುಲ್ಲಾ ಸಿದ್ದೀಕಿ ಬಡ್ಡಿರಹಿತ ಬ್ಯಾಂಕಿನ ರೂಪುರೇಷೆ ಬರೆದು, ಮುಂದೆ ಜೆದ್ದಾದ ಕಿಂಗ್ ಅಬ್ದುಲ್ ಅಝೀಝ್ ವಿಶ್ವವಿದ್ಯಾಲಯಕ್ಕೆ ಹೋಗಿ, 1982ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಪಡೆದರು. ಮುಂಬೈಯಲ್ಲಿ ಹುಟ್ಟಿದ ಉಮರ್ ಛಾಪ್ರಾ ಸೌದಿ ಅರೇಬಿಯಾದ ಕೇಂದ್ರ ಬ್ಯಾಂಕಿಗೆ ದಶಕಗಳ ಕಾಲ ಆರ್ಥಿಕ ಸಲಹೆಗಾರರಾಗಿದ್ದರು. ಇವರ ಬರಹಗಳಲ್ಲಿ ಬ್ಯಾಂಕು ಎಂದರೆ ಉದ್ಯಮಿಯ ಲಾಭನಷ್ಟದಲ್ಲಿ ಪಾಲುದಾರ. ಸಾಲ ಕೊಟ್ಟು ದೂರ ನಿಲ್ಲುವ ಸಂಸ್ಥೆಯಲ್ಲ.

ಈಜಿಪ್ಟಿನ ಮಿತ್ ಘಮ್ರ್ ಪಟ್ಟಣದಲ್ಲಿ 1963ರಲ್ಲಿ ಅಹಮದ್ ಅಲ್ ನಜ್ಜಾರ್ ಆರಂಭಿಸಿದ ಉಳಿತಾಯ ಬ್ಯಾಂಕು ಈ ಆದರ್ಶಕ್ಕೆ ಹತ್ತಿರವಿತ್ತು. ಜರ್ಮನಿಯ ಉಳಿತಾಯ ಬ್ಯಾಂಕುಗಳ ಮಾದರಿಯನ್ನು ನೈಲ್ ನದಿಯ ಮುಖಜಭೂಮಿಯ ರೈತರಿಗೆ ಹೊಂದಿಸಿದ ಈ ಪ್ರಯೋಗ 1967ರ ಹೊತ್ತಿಗೆ ಸರ್ಕಾರಿ ಬ್ಯಾಂಕಿನ ತೆಕ್ಕೆಗೆ ಹೋಗಿ ಕೊನೆಗೊಂಡಿತು. ಅದಾಗಿ ಕೆಲವೇ ವರ್ಷಗಳಲ್ಲಿ ತೈಲದ ಬೆಲೆ ಏರಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು, ಅದೇ ವರ್ಷ ಜೆದ್ದಾದಲ್ಲಿ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ ಕೆಲಸ ಆರಂಭಿಸಿತು, 1977ರಲ್ಲಿ ಕುವೈತ್ ಫೈನಾನ್ಸ್ ಹೌಸ್, 1983ರಲ್ಲಿ ಬ್ಯಾಂಕ್ ಇಸ್ಲಾಂ ಮಲೇಷ್ಯಾ. ಇಷ್ಟು ಬ್ಯಾಂಕುಗಳಿಗೆ ನೌಕರರು ಎಲ್ಲಿಂದ ಬರಬೇಕಿತ್ತು? ಮೆಕ್ಕಾದಲ್ಲಿ ಇಸ್ಲಾಮಿಕ್ ಅರ್ಥಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೇ 1976ರಲ್ಲಿ. ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮವೇ ಇರಲಿಲ್ಲ. ಹಾಗಾಗಿ ಬಡ್ಡಿ ಬ್ಯಾಂಕುಗಳಲ್ಲಿ ಪಳಗಿದವರನ್ನು ಕರೆತಂದು ಕೂರಿಸಲಾಯಿತು, ಅವರ ಕೆಲಸಕ್ಕೆ ಮೊಹರು ಒತ್ತಲು ಕೆಲವು ಧರ್ಮವಿದ್ವಾಂಸರ ಮಂಡಳಿಯನ್ನು ಮೇಲೆ ಇರಿಸಲಾಯಿತು. ಬ್ಯಾಂಕರಿಗೆ ಫಿಕ್ಹ್, ಅಂದರೆ ಇಸ್ಲಾಮಿಕ್ ಧರ್ಮಶಾಸ್ತ್ರ, ಗೊತ್ತಿಲ್ಲ, ವಿದ್ವಾಂಸರಿಗೆ ಬ್ಯಾಲೆನ್ಸ್ ಶೀಟ್ ಗೊತ್ತಿಲ್ಲ. ಇಬ್ಬರ ನಡುವೆ ನಿಲ್ಲುವವರು ಬೆರಳೆಣಿಕೆಯಷ್ಟು ಮಂದಿ. ತಾತ್ಕಾಲಿಕವೆಂದು ಮಾಡಿಕೊಂಡ ಈ ಏರ್ಪಾಡೇ ಕ್ರಮೇಣ ಉದ್ಯಮದ ಸ್ಥಾಯಿ ಸ್ವರೂಪವಾಗಿಬಿಟ್ಟಿತು.

ಇದರ ಪರಿಣಾಮ ಏನೆಂದು ತಿಳಿಯಲು ಮುರಾಬಹಾ ಎಂಬ ವ್ಯವಹಾರವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಅನೇಕ ಇಸ್ಲಾಮಿಕ್ ಬ್ಯಾಂಕುಗಳ ದಿನನಿತ್ಯದ ವಹಿವಾಟಿನ ದೊಡ್ಡ ಭಾಗ ಅದೇ. ಫೈಸಲಾಬಾದಿನ ಒಂದು ನೂಲಿನ ಗಿರಣಿಗೆ ಹತ್ತಿ ಕೊಳ್ಳಲು ಹಣ ಬೇಕಿದೆ ಎಂದುಕೊಳ್ಳೋಣ. ಇಸ್ಲಾಮಿಕ್ ಬ್ಯಾಂಕು ಹಣವನ್ನು ಸಾಲ ಕೊಡುವುದಿಲ್ಲ. ತಾನೇ ಹತ್ತಿ ಕೊಂಡು, ಅಸಲು ಎಷ್ಟು, ತನ್ನ ಲಾಭ ಎಷ್ಟು ಎಂದು ಬಿಡಿಸಿ ಹೇಳಿ, ಗಿರಣಿಗೆ ಮುಂದಿನ ಕಂತಿನ ಮೇಲೆ ಮಾರುತ್ತದೆ. ಹತ್ತಿಯ ಗುಣಮಟ್ಟ ಬ್ಯಾಂಕಿನವರಿಗೆ ತಿಳಿಯದಾದ್ದರಿಂದ ಕೊಳ್ಳುವ ಕೆಲಸಕ್ಕೆ ಗಿರಣಿಯನ್ನೇ ತನ್ನ ಏಜೆಂಟನನ್ನಾಗಿ ನೇಮಿಸುವುದು ರೂಢಿ. ಮೊದಲು ಏಜೆನ್ಸಿ ಒಪ್ಪಂದ ಆಗಬೇಕು. ಆಮೇಲೆ ಗಿರಣಿಯವರು ಬ್ಯಾಂಕಿನ ಪರವಾಗಿ ಹತ್ತಿ ಕೊಂಡು ಗೋದಾಮಿನಲ್ಲಿ ಇಡಬೇಕು. ಆ ಹೊತ್ತಿನಲ್ಲಿ ಗೋದಾಮಿಗೆ ಬೆಂಕಿ ಬಿದ್ದರೆ ನಷ್ಟ ಬ್ಯಾಂಕಿನದು. ಅನಂತರ 'ನಿಮ್ಮ ಪರವಾಗಿ ಇಷ್ಟು ಹತ್ತಿ ಕೊಂಡಿದ್ದೇವೆ, ಇಂತಿಷ್ಟು ಬೆಲೆಗೆ ನಾವೇ ಕೊಳ್ಳುತ್ತೇವೆ' ಎಂದು ಗಿರಣಿ ಬರೆದು ಕಳಿಸಬೇಕು, ಬ್ಯಾಂಕು ಒಪ್ಪಿಗೆ ಕೊಡಬೇಕು. ಆಗ ಮಾರಾಟ ಪೂರ್ಣವಾಯಿತು.

ಈಗ ಶಾಖೆಯಲ್ಲಿ ಕಡತ ನೋಡುವ ಅಧಿಕಾರಿಯ ಕೆಲಸ ಗಮನಿಸಿ. ಹತ್ತಿ ವ್ಯಾಪಾರಿ ಕೊಟ್ಟ ಇನ್‌ವಾಯ್ಸ್‌ನ ದಿನಾಂಕ ಏಜೆನ್ಸಿ ಒಪ್ಪಂದಕ್ಕಿಂತ ಹಿಂದಿನದಾಗಿದ್ದರೆ, ಗಿರಣಿ ತನಗಾಗಿಯೇ ಹತ್ತಿಯನ್ನು ಮೊದಲೇ ಕೊಂಡಿತ್ತು ಎಂದಾಯಿತು. ಆಗ ಬ್ಯಾಂಕು ಮಾರಿದ್ದು ತನ್ನದಲ್ಲದ ವಸ್ತುವನ್ನು, ಅಂದರೆ ಅದು ಕೊಟ್ಟದ್ದು ಬರಿಯ ಸಾಲ, ಪಡೆದ ಲಾಭ ಬಡ್ಡಿ. ಇನ್ನೊಂದು ಸಂದರ್ಭದಲ್ಲಿ, ಒಪ್ಪಿಗೆಯ ಪತ್ರ ತಲುಪುವುದಕ್ಕೆ ಮೊದಲೇ ಹತ್ತಿ ಯಂತ್ರಕ್ಕೆ ಹೋಗಿ ನೂಲಾಗಿಬಿಟ್ಟಿದ್ದರೆ, ಮಾರಲು ಹತ್ತಿಯೇ ಉಳಿದಿಲ್ಲ. ಎರಡೂ ಸಂದರ್ಭಗಳಲ್ಲಿ ಬ್ಯಾಂಕು ಆ ಲಾಭವನ್ನು ತನ್ನ ಆದಾಯಕ್ಕೆ ಸೇರಿಸದೆ ದಾನದ ಖಾತೆಗೆ ಹಾಕಬೇಕು. ಬಡ್ಡಿ ಬ್ಯಾಂಕಿನಲ್ಲಿ ಹತ್ತು ವರ್ಷ ದುಡಿದು ಬಂದ ಅಧಿಕಾರಿಗೆ ಇನ್‌ವಾಯ್ಸ್ ಎಂದರೆ ಸಾಲದ ಹಣ ಸರಿಯಾದ ಉದ್ದೇಶಕ್ಕೆ ಬಳಕೆಯಾಯಿತು ಎಂಬುದಕ್ಕೆ ಲಗತ್ತಿಸುವ ಒಂದು ಕಾಗದ. ಇಲ್ಲಿ ಅದೇ ಕಾಗದದ ಮೇಲೆ ವ್ಯವಹಾರದ ಸಿಂಧುತ್ವ ನಿಂತಿದೆ. ಅವನಿಗೆ ಒಪ್ಪಂದದ ನಮೂನೆಯನ್ನು ಕೊಟ್ಟು 'ಇಲ್ಲಿ ಸಹಿ ಹಾಕಿಸು' ಎಂದು ಹೇಳಿದರೆ ಅವನು ಎಲ್ಲ ಸಹಿಗಳನ್ನೂ ಒಂದೇ ದಿನ, ಒಂದೇ ಮೇಜಿನ ಮೇಲೆ ಹಾಕಿಸಿಬಿಡುತ್ತಾನೆ. ಅವನಲ್ಲಿ ದುರುದ್ದೇಶ ಇರಬೇಕಾಗಿಲ್ಲ. ಆ ಕ್ರಮ ಏಕೆ ಇದೆ ಎಂದು ಯಾರೂ ಅವನಿಗೆ ಕಲಿಸಿಲ್ಲ. ಎಷ್ಟೇ ಹೆಸರಾಂತ ವಿದ್ವಾಂಸರ ಮಂಡಳಿ ಮೇಲೆ ಕೂತಿದ್ದರೂ, ಈ ಒಬ್ಬ ಅಧಿಕಾರಿಗೆ ತಿಳಿವಳಿಕೆ ಇಲ್ಲದಿದ್ದರೆ ಬ್ಯಾಂಕಿನ ಹೆಸರಿನಲ್ಲಿರುವ ವಿಶೇಷಣಕ್ಕೆ ಬೆಲೆ ಇರುವುದಿಲ್ಲ. ಮಾನವ ಸಂಪನ್ಮೂಲದ ಮಾತು ಬಂದಾಗಲೆಲ್ಲ ಚರ್ಚೆ ಮೇಲ್ಮಟ್ಟದ ತಜ್ಞರ ಸುತ್ತಲೇ ತಿರುಗುವುದು, ಶಾಖೆಯ ಮಟ್ಟಕ್ಕೆ ಇಳಿಯದಿರುವುದು ನನಗೆ ದೊಡ್ಡ ಲೋಪವಾಗಿ ಕಾಣುತ್ತದೆ.

ನ್ಯಾಯಾಲಯದಲ್ಲೂ ಇದೇ ಕಷ್ಟ. ಮಲೇಷ್ಯಾದಲ್ಲಿ ಒಂದು ಹಡಗು ಕಂಪನಿ ಕುವೈತ್ ಫೈನಾನ್ಸ್ ಹೌಸ್‌ನಿಂದ ಇಜಾರಾ ಪದ್ಧತಿಯಲ್ಲಿ, ಅಂದರೆ ಬಾಡಿಗೆಯ ಒಪ್ಪಂದದಲ್ಲಿ, ಹಡಗುಗಳನ್ನು ಪಡೆದಿತ್ತು. ಹಡಗುಗಳ ನಿರ್ವಹಣೆಯ ಖರ್ಚು ಬಾಡಿಗೆದಾರನದೇ ಎಂಬ ಷರತ್ತು ಒಪ್ಪಂದದಲ್ಲಿತ್ತು. ಮಾಲೀಕತ್ವಕ್ಕೆ ಸಂಬಂಧಿಸಿದ ದೊಡ್ಡ ದುರಸ್ತಿ ಮಾಲೀಕನ ಹೊಣೆಯಾಗಿರಬೇಕಾದ ಇಜಾರಾದಲ್ಲಿ ಇಂಥ ಷರತ್ತು ಒಪ್ಪತಕ್ಕದ್ದೇ ಎಂಬ ಪ್ರಶ್ನೆ ಎದ್ದಿತು. ಇಂಥ ಪ್ರಶ್ನೆಗಳನ್ನು ಕೇಂದ್ರ ಬ್ಯಾಂಕಿನ ಷರಿಯಾ ಸಲಹಾ ಮಂಡಳಿಗೆ ಒಪ್ಪಿಸಬೇಕು, ಅದರ ಅಭಿಪ್ರಾಯ ನ್ಯಾಯಾಲಯವನ್ನು ಬದ್ಧಗೊಳಿಸುತ್ತದೆ ಎಂದು ಅಲ್ಲಿನ 2009ರ ಕೇಂದ್ರ ಬ್ಯಾಂಕ್ ಕಾಯ್ದೆ ಹೇಳುತ್ತದೆ. ಹಾಗಾದರೆ ನ್ಯಾಯಾಧೀಶರ ಅಧಿಕಾರವನ್ನು ಕಸಿದಂತಾಗಲಿಲ್ಲವೇ ಎಂಬ ತಕರಾರು ಫೆಡರಲ್ ನ್ಯಾಯಾಲಯದವರೆಗೆ ಹೋಗಿ, 2019ರಲ್ಲಿ ನಾಲ್ವರ ವಿರುದ್ಧ ಐವರ ತೀರ್ಪಿನಲ್ಲಿ ಕಾಯ್ದೆ ಉಳಿಯಿತು. ಇಷ್ಟು ಸಣ್ಣ ಬಹುಮತದಲ್ಲಿ ಉಳಿದದ್ದೇ ಪ್ರಶ್ನೆ ಎಷ್ಟು ಕಠಿಣವಾಗಿತ್ತು ಎಂಬುದನ್ನು ತೋರಿಸುತ್ತದೆ. ಸಾಮಾನ್ಯ ಕಾನೂನಿನಲ್ಲಿ ತರಬೇತಾದ ನ್ಯಾಯಾಧೀಶರು ಫಿಕ್ಹ್‌ನ ಸೂಕ್ಷ್ಮಗಳನ್ನು ತಾವೇ ತೀರ್ಮಾನಿಸುವಷ್ಟು ತಯಾರಾಗಿಲ್ಲ ಎಂಬ ವಾಸ್ತವದಿಂದಲೇ ಇಂಥ ವ್ಯವಸ್ಥೆ ಬೇಕಾಗಿದೆ.

ಮೇಲ್ಮಟ್ಟದ ವಿದ್ವಾಂಸರ ವಿಷಯ ಬೇರೆ ರೀತಿಯದು. ಅಲ್ಲಿ ಒಂದೇ ಗುಂಪಿನ ಹೆಸರುಗಳು ಹತ್ತಾರು ಬ್ಯಾಂಕುಗಳ ಷರಿಯಾ ಮಂಡಳಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೊಲ್ಲಿ ರಾಷ್ಟ್ರಗಳಲ್ಲಿ ಒಬ್ಬರೇ ಹಲವು ಹತ್ತು ಮಂಡಳಿಗಳಲ್ಲಿ ಕೂತ ಉದಾಹರಣೆಗಳಿವೆ. ಅರಬಿ, ಇಂಗ್ಲಿಷ್ ಎರಡೂ ಬಲ್ಲ, ಹಣಕಾಸು ತಿಳಿದ, ಸಾರ್ವಜನಿಕರ ವಿಶ್ವಾಸ ಗಳಿಸಿದ ವಿದ್ವಾಂಸರು ಕಡಿಮೆ ಇದ್ದುದರಿಂದ ಹೀಗಾಯಿತು ಎಂಬ ಸಮಜಾಯಿಷಿಯಲ್ಲಿ ಸತ್ಯವಿದೆ. ಆದರೆ ಹೀಗಾದಾಗ ಒಂದು ಬ್ಯಾಂಕಿನ ಕಡತಕ್ಕೆ ಆ ವಿದ್ವಾಂಸರು ಎಷ್ಟು ಗಂಟೆ ಕೊಡಬಲ್ಲರು? ತಮಗೆ ಸಂಭಾವನೆ ಕೊಡುವ ಸಂಸ್ಥೆಯ ಉತ್ಪನ್ನವನ್ನು ಎಷ್ಟು ಸಲ ತಿರಸ್ಕರಿಸಬಲ್ಲರು? ಈ ಪ್ರಶ್ನೆಗಳು ಯಾರ ಪ್ರಾಮಾಣಿಕತೆಯನ್ನೂ ಶಂಕಿಸುವುದಿಲ್ಲ, ವ್ಯವಸ್ಥೆಯನ್ನು ಶಂಕಿಸುತ್ತವೆ. 'ಆಗದು' ಎಂಬ ಒಂದು ಮಾತಿಗೆ ಎಷ್ಟು ತೂಕ ಇರಬಲ್ಲದು ಎಂಬುದಕ್ಕೆ ಈ ವಿದ್ವಾಂಸರ ನಡುವಿನಿಂದಲೇ ಉದಾಹರಣೆ ಕೊಡಬಹುದು. ದೇವಬಂದ್‌ನಲ್ಲಿ ಹುಟ್ಟಿ ಕರಾಚಿಯಲ್ಲಿ ಬೆಳೆದ ಮುಫ್ತಿ ತಖೀ ಉಸ್ಮಾನಿ 2007ರಲ್ಲಿ, ಮಾರುಕಟ್ಟೆಯಲ್ಲಿರುವ ಸುಕುಕ್‌ಗಳಲ್ಲಿ ಬಹುಪಾಲು ಷರಿಯಾಕ್ಕೆ ಹೊಂದುವುದಿಲ್ಲ, ಏಕೆಂದರೆ ಹೂಡಿಕೆದಾರನಿಗೆ ಅಸಲನ್ನು ಮರಳಿಸುವ ಖಾತರಿ ಕೊಟ್ಟು ನಷ್ಟದ ಸಾಧ್ಯತೆಯನ್ನೇ ತೆಗೆದುಹಾಕಲಾಗಿದೆ ಎಂದು ಹೇಳಿದರು. ಮರುವರ್ಷ ಬಹರೈನಿನ ಲೆಕ್ಕಪತ್ರ ಮಾನದಂಡ ಸಂಸ್ಥೆ ಎಎಒಐಎಫ್‌ಐ ಈ ಬಗ್ಗೆ ಸ್ಪಷ್ಟ ನಿರ್ಣಯ ಹೊರಡಿಸಿತು. ಹಾಗಿದ್ದೂ 2017ರಲ್ಲಿ ಶಾರ್ಜಾದ ಡಾನಾ ಗ್ಯಾಸ್ ಕಂಪನಿ, ಹಣ ಮರಳಿಸುವ ಹೊತ್ತು ಬಂದಾಗ, ತಾನೇ ಹೊರಡಿಸಿದ 70 ಕೋಟಿ ಡಾಲರ್‌ಗಳ ಸುಕುಕ್ ಷರಿಯಾಕ್ಕೆ ವಿರುದ್ಧವಾಗಿದೆ ಎಂದು ಘೋಷಿಸಿ ಹೂಡಿಕೆದಾರರನ್ನು ದಿಗ್ಭ್ರಮೆಗೊಳಿಸಿತು. ಒಪ್ಪಂದ ಬರೆದವರು, ಮಂಜೂರು ಮಾಡಿದವರು, ಕೊಂಡವರು ಎಲ್ಲರೂ ತಜ್ಞರೇ ಆಗಿದ್ದ ವ್ಯವಹಾರದ ಕಥೆ ಇದು.

ಜನರನ್ನು ಬೆಳೆಸುವ ಕೆಲಸವನ್ನು ಸರ್ಕಾರದ ಹೊಣೆಯೆಂದು ತಿಳಿದು ಮಾಡಿದ ದೇಶ ಮಲೇಷ್ಯಾ. 2000ದಿಂದ 2016ರವರೆಗೆ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಝೇತಿ ಅಖ್ತರ್ ಅಝೀಝ್ ಇದಕ್ಕೆ ಒತ್ತುಕೊಟ್ಟರು. ಇಸ್ಲಾಮಿಕ್ ಹಣಕಾಸಿಗೆಂದೇ ಇನ್‌ಸೀಫ್ ವಿಶ್ವವಿದ್ಯಾಲಯವನ್ನು ಕೇಂದ್ರ ಬ್ಯಾಂಕೇ 2005ರಲ್ಲಿ ಸ್ಥಾಪಿಸಿತು. 2008ರಲ್ಲಿ ಷರಿಯಾ ಸಂಶೋಧನೆಗೆ ಇಸ್ರಾ ಎಂಬ ಸಂಸ್ಥೆ ಬಂತು. 1983ರಲ್ಲೇ ಆರಂಭವಾಗಿದ್ದ ಅಂತರರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮತ್ತು ಧರ್ಮಶಾಸ್ತ್ರಗಳನ್ನು ಒಟ್ಟಿಗೆ ಓದಿದ ವಿದ್ಯಾರ್ಥಿಗಳು ತಯಾರಾಗುತ್ತಿದ್ದರು. ಆದರೆ ನನ್ನ ಅಂದಾಜಿನಲ್ಲಿ ಕಟ್ಟಡಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಒಂದು ಸಣ್ಣ ನಿಯಮ. ಒಂದು ಬ್ಯಾಂಕಿನ ಷರಿಯಾ ಸಮಿತಿಯಲ್ಲಿರುವ ವ್ಯಕ್ತಿ ದೇಶದ ಮತ್ತೊಂದು ಬ್ಯಾಂಕಿನ ಸಮಿತಿಯಲ್ಲಿ ಇರುವಂತಿಲ್ಲ ಎಂದು ಅಲ್ಲಿನ ಕೇಂದ್ರ ಬ್ಯಾಂಕು ನಿರ್ಬಂಧ ಹಾಕಿತು. ಸಮಿತಿಯಲ್ಲಿ ಕನಿಷ್ಠ ಐವರಿರಬೇಕು, ಬಹುಸಂಖ್ಯೆಯವರಿಗೆ ಷರಿಯಾದಲ್ಲಿ ಪದವಿ ಇರಬೇಕು ಎಂದು 2010ರ ಆಡಳಿತ ಚೌಕಟ್ಟು ಸೇರಿಸಿತು. ಹೆಸರಾಂತರ ಮೇಲೆ ಆತುಕೊಳ್ಳುವ ದಾರಿ ಮುಚ್ಚಿದ್ದರಿಂದ ಬ್ಯಾಂಕುಗಳು ವಿಶ್ವವಿದ್ಯಾಲಯಗಳ ಯುವ ಅಧ್ಯಾಪಕರನ್ನು ಹುಡುಕಿಕೊಂಡು ಹೋದವು. ಅವರಲ್ಲಿ ಮಹಿಳೆಯರೂ ಇದ್ದರು. ಎಂಗ್ಕು ರಬಿಯಾ ಅದವಿಯಾ ಅವರಂಥ ಪ್ರಾಧ್ಯಾಪಕಿ ಕೇಂದ್ರ ಬ್ಯಾಂಕಿನ ಷರಿಯಾ ಸಲಹಾ ಮಂಡಳಿಯ ಸದಸ್ಯೆಯಾದರು. 2013ರ ಇಸ್ಲಾಮಿಕ್ ಹಣಕಾಸು ಸೇವಾ ಕಾಯ್ದೆ ಇನ್ನೂ ಮುಂದೆ ಹೋಗಿ, ಷರಿಯಾ ಉಲ್ಲಂಘನೆಗೆ ಗರಿಷ್ಠ 8 ವರ್ಷ ಸೆರೆ ಅಥವಾ 2.5 ಕೋಟಿ ರಿಂಗಿಟ್ ದಂಡ ಇಲ್ಲವೇ ಎರಡನ್ನೂ ವಿಧಿಸಬಹುದು ಎಂದಿತು. ಶಿಕ್ಷೆಯ ಭಯ ಇದ್ದಾಗ ಬ್ಯಾಂಕಿನ ಆಡಳಿತ ಮಂಡಳಿಯೇ ತಿಳಿದವರನ್ನು ನೇಮಿಸಲು ಮುಂದಾಗುತ್ತದೆ.

ಪ್ರಮಾಣಪತ್ರಗಳ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಎಎಒಐಎಫ್‌ಐ ಷರಿಯಾ ಸಲಹೆಗಾರರಿಗೂ ಲೆಕ್ಕಿಗರಿಗೂ ಪರೀಕ್ಷೆ ನಡೆಸುತ್ತದೆ, ಲಂಡನ್ನಿನ ವೃತ್ತಿಪರ ಸಂಸ್ಥೆಗಳು ಅರ್ಹತಾ ಪತ್ರ ಕೊಡುತ್ತವೆ, ಆನ್‌ಲೈನ್ ಕೋರ್ಸುಗಳಿಗಂತೂ ಲೆಕ್ಕವಿಲ್ಲ. ಅವುಗಳಿಂದ ಪರಿಭಾಷೆ ಬರುತ್ತದೆ. ಮುರಾಬಹಾ, ಒಬ್ಬರ ಹಣ ಇನ್ನೊಬ್ಬರ ದುಡಿಮೆ ಸೇರಿ ಲಾಭ ಹಂಚಿಕೊಳ್ಳುವ ಮುದಾರಬಾ, ಹಣ ಮುಂಚೆ ಕೊಟ್ಟು ಸರಕು ಆಮೇಲೆ ಪಡೆಯುವ ಸಲಮ್, ಹೇಳಿ ಮಾಡಿಸಿಕೊಳ್ಳುವ ಇಸ್ತಿಸ್ನಾ ಎಂಬ ಒಪ್ಪಂದಗಳ ವ್ಯಾಖ್ಯೆಗಳು ಬಾಯಿಗೆ ಬರುತ್ತವೆ. ಮೇಲೆ ಹೇಳಿದ ಹತ್ತಿಯ ಕಡತವನ್ನು ಕೈಗೆ ಕೊಟ್ಟರೆ ದೋಷ ಹಿಡಿಯುವ ಕಣ್ಣು ಮಾತ್ರ ಅನುಭವಿಯೊಬ್ಬರ ಪಕ್ಕದಲ್ಲಿ ಕೂತು ಕಡತಗಳನ್ನು ಓದಿಯೇ ಬರಬೇಕು. ಲೆಕ್ಕಪರಿಶೋಧಕರಿಗೆ ಆರ್ಟಿಕಲ್‌ಶಿಪ್ ಇದೆ, ವೈದ್ಯರಿಗೆ ಹೌಸ್‌ಮನ್‌ಶಿಪ್ ಇದೆ, ವಕೀಲರಿಗೆ ಹಿರಿಯರ ಕಚೇರಿ ಇದೆ. ಷರಿಯಾ ತಪಾಸಣೆಯಂಥ ಜವಾಬ್ದಾರಿಯ ಕೆಲಸಕ್ಕೆ ಅಂಥ ಕಡ್ಡಾಯ ಅಭ್ಯಾಸದ ಅವಧಿ ಹೆಚ್ಚಿನ ಕಡೆ ಇಲ್ಲದಿರುವುದು ವಿಚಿತ್ರ.

ಮದ್ರಸಾಗಳ ಕಡೆಯಿಂದ ಬರುವ ಪ್ರತಿಭೆಯನ್ನು ಇಲ್ಲಿ ಮರೆಯಬಾರದು. ಮುಫ್ತಿ ಪದವಿಗೆ ಓದಿದ ಯುವಕನಿಗೆ ಮಾರಾಟ, ಬಾಡಿಗೆ, ಪಾಲುದಾರಿಕೆ, ಜಾಮೀನು, ಅಡಮಾನಗಳ ಮೂಲ ನಿಯಮಗಳು ಚೆನ್ನಾಗಿ ಗೊತ್ತಿರುತ್ತವೆ. ವಾಣಿಜ್ಯ ಪದವೀಧರನಿಗೆ ಇದನ್ನು ಕಲಿಸಲು ವರ್ಷಗಳು ಬೇಕು. ಆದರೆ ಆ ಯುವಕನಿಗೆ ಸವಕಳಿಯ ಲೆಕ್ಕ, ನಗದು ಹರಿವಿನ ಪಟ್ಟಿ, ಕೇಂದ್ರ ಬ್ಯಾಂಕಿನ ಸುತ್ತೋಲೆ ಯಾವುದೂ ಗೊತ್ತಿರುವುದಿಲ್ಲ. ಕರಾಚಿಯ ದಾರುಲ್ ಉಲೂಮ್‌ಗೆ ಹೊಂದಿಕೊಂಡಂತೆ ತಖೀ ಉಸ್ಮಾನಿ ಕಟ್ಟಿದ ಇಸ್ಲಾಮಿಕ್ ಅರ್ಥಶಾಸ್ತ್ರ ಕೇಂದ್ರ ಈ ಎರಡು ದಡಗಳನ್ನು ಸೇರಿಸಲು ಪ್ರಯತ್ನಿಸಿದೆ. ಕರಾಚಿಯ ಐಬಿಎ, ಲಾಹೋರಿನ ಲಮ್ಸ್, ಪೇಶಾವರದ ಐಎಂ ಸೈನ್ಸಸ್ ಎಂಬ ಮೂರು ಶಿಕ್ಷಣ ಸಂಸ್ಥೆಗಳಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಾದ ಸ್ಟೇಟ್ ಬ್ಯಾಂಕಿನ ನೆರವಿನಿಂದ ಇಸ್ಲಾಮಿಕ್ ಹಣಕಾಸಿನ ಉತ್ಕೃಷ್ಟತಾ ಕೇಂದ್ರಗಳು ಆರಂಭವಾದವು. ದಿಕ್ಕು ಸರಿಯಾಗಿದೆ. ಇಡೀ ದೇಶದ ಬ್ಯಾಂಕಿಂಗ್ ಬದಲಾಗಬೇಕಾದ ಗಡುವಿನ ಮುಂದೆ ಅವುಗಳ ಗಾತ್ರ ಚಿಕ್ಕದು.

ಇನ್ನೊಂದು ಆಳದ ತೊಡಕು, ಕಲಿಸುವ ವಿಷಯವೇ ಕಿರಿದಾಗುತ್ತ ಬಂದಿರುವುದು. ಸಿದ್ದೀಕಿ, ಛಾಪ್ರಾ ಅವರ ಬರಹಗಳಲ್ಲಿ ಬಡತನ, ಸಂಪತ್ತಿನ ಹಂಚಿಕೆ, ಕಡ್ಡಾಯ ದಾನವಾದ ಝಕಾತ್, ಧರ್ಮಕಾರ್ಯಕ್ಕೆ ಬಿಟ್ಟ ಆಸ್ತಿಯಾದ ವಕ್ಫ್, ಉದ್ಯೋಗಗಳು ಕೇಂದ್ರದಲ್ಲಿದ್ದವು. ಉದ್ಯೋಗದ ಮಾರುಕಟ್ಟೆ ಬೇಡಿದ್ದು ಬ್ಯಾಂಕಿನ ಉತ್ಪನ್ನಗಳನ್ನು. ಹಾಗಾಗಿ ವಿಶ್ವವಿದ್ಯಾಲಯಗಳಲ್ಲಿ ಇಸ್ಲಾಮಿಕ್ ಅರ್ಥಶಾಸ್ತ್ರ ಹಿಂದೆ ಸರಿದು ಇಸ್ಲಾಮಿಕ್ ಹಣಕಾಸು ಮುಂದೆ ಬಂತು. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಮಹಮೂದ್ ಅಲ್ ಗಮಾಲ್, ಈ ಉದ್ಯಮ ಬಡ್ಡಿಯ ಉತ್ಪನ್ನಗಳನ್ನೇ ಅರಬಿ ಹೆಸರಿನ ಒಪ್ಪಂದಗಳಲ್ಲಿ ಸುತ್ತಿ ಹೆಚ್ಚು ಬೆಲೆಗೆ ಮಾರುತ್ತಿದೆ ಎಂದು ಕಟುವಾಗಿ ಟೀಕಿಸಿದ್ದಾರೆ. ಸಂಘಟಿತ ತವರ್ರುಖ್ ಎಂಬ ಪದ್ಧತಿಯಲ್ಲಿ ಗ್ರಾಹಕನ ಹೆಸರಿಗೆ ಲೋಹ ಕೊಂಡು, ಅವನು ಅದನ್ನು ನೋಡುವ ಮೊದಲೇ ಮಾರಿ, ನಗದನ್ನು ಅವನ ಖಾತೆಗೆ ಹಾಕುವ ವ್ಯವಹಾರವನ್ನು ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 2009ರಲ್ಲಿ ಅಮಾನ್ಯ ಮಾಡಿತು. ಅದು ಇನ್ನೂ ವ್ಯಾಪಕವಾಗಿ ನಡೆಯುತ್ತಿದೆ. ಉತ್ಪನ್ನ ರಚಿಸುವುದನ್ನು ಮಾತ್ರ ಕಲಿತ ಪೀಳಿಗೆಗೆ, ಈ ಉತ್ಪನ್ನ ಯಾರಿಗೆ ಏನು ಮಾಡುತ್ತದೆ ಎಂದು ಕೇಳುವ ಅಭ್ಯಾಸ ಬರುವುದಿಲ್ಲ. ನಷ್ಟದಲ್ಲೂ ಪಾಲುದಾರನಾಗುವ ಮುಶಾರಕಾ ಒಪ್ಪಂದಕ್ಕೆ ಬ್ಯಾಂಕುಗಳು ಹಿಂಜರಿಯುವ ಒಂದು ಕಾರಣವೂ ಇದೇ. ಅಲ್ಲಿ ಸಾಲಗಾರನ ಅಡಮಾನವನ್ನು ಅಳೆದರೆ ಸಾಲದು, ಅವನ ವ್ಯಾಪಾರವನ್ನೇ ಅರಿತಿರಬೇಕು. ಅಂಥ ಅಧಿಕಾರಿಗಳು ಬ್ಯಾಂಕಿನಲ್ಲಿ ಇಲ್ಲ.

ನೇಮಕಾತಿಯೇ ಹದಗೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶ ಈಚಿನ ನಿದರ್ಶನ. 1983ರಲ್ಲಿ ಆರಂಭವಾದ ಇಸ್ಲಾಮಿ ಬ್ಯಾಂಕ್ ಆ ದೇಶದ ಅತಿ ದೊಡ್ಡ ಖಾಸಗಿ ಬ್ಯಾಂಕುಗಳಲ್ಲೊಂದು. 2017ರಲ್ಲಿ ಅದರ ಹಿಡಿತ ಒಂದು ಉದ್ಯಮ ಸಮೂಹದ ಕೈಗೆ ಹೋದ ಮೇಲೆ ಸರಿಯಾದ ಪರೀಕ್ಷೆ ಇಲ್ಲದೆ ಸಾವಿರಾರು ಜನರನ್ನು ಸೇರಿಸಿಕೊಳ್ಳಲಾಯಿತು ಎಂಬ ಆರೋಪವಿದೆ. 2024ರಲ್ಲಿ ಸರ್ಕಾರ ಬದಲಾದ ಬಳಿಕ, 2025ರಲ್ಲಿ ಬ್ಯಾಂಕು ಆ ನೌಕರರಿಗೆ ಅರ್ಹತಾ ಪರೀಕ್ಷೆ ಏರ್ಪಡಿಸಿದಾಗ ಹೆಚ್ಚಿನವರು ಹಾಜರಾಗಲೇ ಇಲ್ಲ. ಅದೇ ವರ್ಷ, ಸಂಕಷ್ಟಕ್ಕೆ ಸಿಲುಕಿದ ಬೇರೆ ಐದು ಇಸ್ಲಾಮಿಕ್ ಬ್ಯಾಂಕುಗಳನ್ನು ಒಂದುಗೂಡಿಸುವ ತೀರ್ಮಾನವಾಯಿತು. ಈ ಬ್ಯಾಂಕುಗಳಿಗೂ ಷರಿಯಾ ಮಂಡಳಿಗಳಿದ್ದವು. ಒಪ್ಪಂದದ ಪದಗಳನ್ನು ನೋಡುವುದಷ್ಟೇ ತಮ್ಮ ಕೆಲಸ, ಹಣ ಯಾರ ಕೈಗೆ ಹೋಗುತ್ತಿದೆ ಎಂಬುದು ತಮ್ಮ ವ್ಯಾಪ್ತಿಯಲ್ಲ ಎಂದು ತಿಳಿದ ಮಂಡಳಿಯಿಂದ ಠೇವಣಿದಾರರಿಗೆ ರಕ್ಷಣೆ ಸಿಗದು.

ಭಾರತದಲ್ಲಿ ಪರಿಸ್ಥಿತಿ ಬೇರೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬ್ಯಾಂಕುಗಳು ಸರಕಿನ ವ್ಯಾಪಾರ ಮಾಡುವಂತಿಲ್ಲ, ಹಾಗಾಗಿ ಮುರಾಬಹಾ ಸಾಧ್ಯವಿಲ್ಲ. ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕು ಮಾಹಿತಿ ಹಕ್ಕಿನಡಿ ಕೊಟ್ಟ ಉತ್ತರದಲ್ಲಿ ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿತು. ಉಳಿದದ್ದು ಷೇರುಪೇಟೆಯ ಷರಿಯಾ ಸೂಚ್ಯಂಕಗಳು, ಒಂದೆರಡು ಎಥಿಕಲ್ ಮ್ಯೂಚುವಲ್ ಫಂಡ್‌ಗಳು, ಅಲ್ಲಲ್ಲಿ ಬಡ್ಡಿರಹಿತ ಸಾಲ ಕೊಡುವ ಸಹಕಾರ ಸಂಘಗಳು. ಬ್ಯಾಂಕೇ ಇಲ್ಲದ ದೇಶದಲ್ಲಿ ಈ ವಿದ್ಯೆ ಬಲ್ಲವರು ಏಕೆ ಬೇಕು ಎಂದು ಕೇಳಬಹುದು. ಬೆಂಗಳೂರು ಇದಕ್ಕೆ 2019ರಲ್ಲಿ ನೋವಿನ ಉತ್ತರ ಕೊಟ್ಟಿತು. ಹಲಾಲ್ ಹೂಡಿಕೆ ಎಂದು ಹೇಳಿಕೊಂಡು ಹಣ ಸಂಗ್ರಹಿಸಿದ್ದ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಆ ವರ್ಷದ ಜೂನ್‌ನಲ್ಲಿ ಕುಸಿಯಿತು. ಹತ್ತಾರು ಸಾವಿರ ಜನ ಶಿವಾಜಿನಗರದ ಸುತ್ತಮುತ್ತ ದೂರು ಕೊಡಲು ಸಾಲುಗಟ್ಟಿದರು. ಹೂಡಿದವರಲ್ಲಿ ಮನೆಗೆಲಸ ಮಾಡಿ ಕೂಡಿಟ್ಟವರಿದ್ದರು, ಮಗಳ ಮದುವೆಗೆಂದು ಒಡವೆ ಮಾರಿ ತಂದವರಿದ್ದರು, ನಿವೃತ್ತಿಯ ಹಣ ಇಟ್ಟವರಿದ್ದರು. ಬಡ್ಡಿ ಬೇಡ ಎಂಬ ಅವರ ನಂಬಿಕೆಯನ್ನೇ ಬಂಡವಾಳ ಮಾಡಿಕೊಳ್ಳಲಾಗಿತ್ತು.

ಈ ಪ್ರಕರಣ ನಿಯಂತ್ರಕರ ವೈಫಲ್ಯವೆಂದು ಹೇಳಿ ಮುಗಿಸುವುದು ಸುಲಭ. ತಿಳಿವಳಿಕೆಯ ವೈಫಲ್ಯವೂ ಅಷ್ಟೇ ದೊಡ್ಡದು. ಹೂಡಿಕೆದಾರರನ್ನು ಪಾಲುದಾರರೆಂದು ಕಾಗದದಲ್ಲಿ ತೋರಿಸಲಾಗಿತ್ತು. ನಿಜವಾದ ಪಾಲುದಾರಿಕೆಯಲ್ಲಿ ಲಾಭ ಬಂದಾಗ ಪಾಲು, ನಷ್ಟ ಬಂದಾಗ ನಷ್ಟ. ತಿಂಗಳು ತಪ್ಪದೆ ಆಕರ್ಷಕ ಮೊತ್ತ ಬರುತ್ತಿದೆ ಎಂದರೆ ಆ ಲಾಭ ಯಾವ ವ್ಯಾಪಾರದಿಂದ, ಲೆಕ್ಕಪರಿಶೋಧನೆ ಯಾರಿಂದ, ಪಾಲಿನ ಅನುಪಾತ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಮುದಾರಬಾದ ಪ್ರಾಥಮಿಕ ಪಾಠ ಓದಿದವನೂ ಕೇಳುತ್ತಾನೆ. ಮಸೀದಿಯ ಮೊಹಲ್ಲಾದಲ್ಲಿ ಹಾಗೆ ಕೇಳಿ ಉತ್ತರ ಪಡೆಯಬಲ್ಲ ಒಬ್ಬ ಲೆಕ್ಕಿಗ, ಒಬ್ಬ ಓದಿದ ಮೌಲಾನಾ ಒಟ್ಟಿಗೆ ಇದ್ದಿದ್ದರೆ ಕೆಲವು ಮನೆಗಳಾದರೂ ಉಳಿಯುತ್ತಿದ್ದವು ಎಂದು ನಾನು ನಂಬುತ್ತೇನೆ.

ವಕ್ಫ್ ಆಸ್ತಿಗಳ ನಿರ್ವಹಣೆಯಲ್ಲಿ ಈ ಕೊರತೆಗೆ ಅಂಕಿಗಳೇ ಇವೆ. ದೇಶದ ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ 2006ರಲ್ಲಿ ದೇಶದ ವಕ್ಫ್ ಆಸ್ತಿಗಳ ಮಾರುಕಟ್ಟೆ ಮೌಲ್ಯವನ್ನು ಸುಮಾರು 1.2 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜಿಸಿ, ಶೇ 10ರ ಆದಾಯ ಬಂದರೂ ವರ್ಷಕ್ಕೆ 12,000 ಕೋಟಿ ಸಿಗಬೇಕು ಎಂದಿತ್ತು. ಅಂದು ಬರುತ್ತಿದ್ದದ್ದು ಸುಮಾರು 163 ಕೋಟಿ. ಅತಿಕ್ರಮಣ, ಭ್ರಷ್ಟಾಚಾರಗಳ ಜೊತೆಗೆ, ಆಸ್ತಿ ನಿರ್ವಹಣೆ ಬಲ್ಲ ಅಧಿಕಾರಿಗಳು ಇಲ್ಲದಿರುವುದೂ ಇದಕ್ಕೆ ಕಾರಣವೆಂದು ಗುರುತಿಸಿ, ಇದಕ್ಕೆಂದೇ ಪ್ರತ್ಯೇಕ ಅಧಿಕಾರಿ ವರ್ಗ ಇರಬೇಕೆಂಬ ಸಲಹೆ ಅದರ ವರದಿಯಲ್ಲಿತ್ತು. ಅದು ಜಾರಿಗೆ ಬರಲಿಲ್ಲ. 2025ರ ತಿದ್ದುಪಡಿ ಕಾಯ್ದೆಯ ಸುತ್ತ ನಡೆದ ಬಿಸಿ ಚರ್ಚೆಯಲ್ಲಿ ಮಂಡಳಿಯಲ್ಲಿ ಯಾರಿರಬೇಕು, ಯಾವ ಧರ್ಮದವರಿರಬೇಕು ಎಂಬುದೇ ಮುಖ್ಯವಾಯಿತು. ಗುತ್ತಿಗೆಯ ಕರಾರು ಬರೆಯಲು, ಬಾಡಿಗೆಯನ್ನು ಮಾರುಕಟ್ಟೆ ದರಕ್ಕೆ ತರಲು, ಖಾಲಿ ನಿವೇಶನದಲ್ಲಿ ಆಸ್ಪತ್ರೆಯನ್ನೋ ಹಾಸ್ಟೆಲನ್ನೋ ಕಟ್ಟಿಸಲು ಬಲ್ಲವರು ಯಾರು ಎಂಬ ಪ್ರಶ್ನೆ ಬದಿಗೆ ಸರಿಯಿತು. ವಕ್ಫ್ ಆಸ್ತಿ ನೋಡಿಕೊಳ್ಳುವ ಕರ್ನಾಟಕದ ಒಬ್ಬ ಸಾಮಾನ್ಯ ಮುತವಲ್ಲಿಗೆ ಇದರಲ್ಲಿ ಯಾವ ತರಬೇತಿ ಸಿಕ್ಕಿದೆ?

ಮಾಡಬಹುದಾದ ಕೆಲಸ ಕೈಗೆಟುಕದ್ದೇನಲ್ಲ. ದೊಡ್ಡ ಇಸ್ಲಾಮಿಕ್ ಬ್ಯಾಂಕುಗಳಿರುವ ದೇಶಗಳಲ್ಲಿ ಷರಿಯಾ ತಪಾಸಕರು ವ್ಯವಸ್ಥಾಪಕ ನಿರ್ದೇಶಕರಿಗೆ ವರದಿ ಮಾಡದೆ ಆಡಳಿತ ಮಂಡಳಿಗೂ ಕೇಂದ್ರ ಬ್ಯಾಂಕಿಗೂ ನೇರವಾಗಿ ವರದಿ ಮಾಡುವಂತಾಗಬೇಕು. ಅವರನ್ನು ತೆಗೆದುಹಾಕುವಾಗ ಕಾರಣವನ್ನು ನಿಯಂತ್ರಕರಿಗೆ ಬರೆದುಕೊಡುವಂತಿರಬೇಕು. ಇಲ್ಲದಿದ್ದರೆ ಎಷ್ಟು ಓದಿದರೂ ಬಾಯಿ ತೆರೆಯುವ ಧೈರ್ಯ ಬರುವುದಿಲ್ಲ. ದಾನದ ಖಾತೆಗೆ ಹೋದ ಲಾಭವೆಷ್ಟು, ಯಾವ ತಪ್ಪಿನಿಂದ ಎಂಬುದನ್ನು ಬ್ಯಾಂಕುಗಳು ವಿವರವಾಗಿ ಪ್ರಕಟಿಸಿದರೆ ಅದೇ ತರಬೇತಿಯ ಪಠ್ಯವಾಗುತ್ತದೆ. ನಮ್ಮಲ್ಲಿ ಆಗಬೇಕಾದದ್ದು ಇನ್ನೂ ಸರಳ. ಮಂಗಳೂರು, ಉಡುಪಿ, ಭಟ್ಕಳಗಳಿಂದ ದುಬೈ, ದೋಹಾ, ಮನಾಮಾಗಳಿಗೆ ಹೋಗಿ ಬ್ಯಾಂಕುಗಳಲ್ಲಿ, ಲೆಕ್ಕಪರಿಶೋಧನಾ ಕಚೇರಿಗಳಲ್ಲಿ ದುಡಿದು ಮರಳಿದವರು ಇದ್ದಾರೆ. ಬಡ್ಡಿರಹಿತ ಸಹಕಾರ ಸಂಘಗಳ ಲೆಕ್ಕ ತಪಾಸಣೆಗೆ, ಮುತವಲ್ಲಿಗಳ ತರಬೇತಿಗೆ, ಮದ್ರಸಾದ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಲೆಕ್ಕಪತ್ರ ಕಲಿಸುವುದಕ್ಕೆ ಅವರ ಅನುಭವವನ್ನು ಬಳಸಿಕೊಳ್ಳಲು ಹೊಸ ಕಾಯ್ದೆಯಾಗಲಿ ರಿಸರ್ವ್ ಬ್ಯಾಂಕಿನ ಅನುಮತಿಯಾಗಲಿ ಬೇಕಿಲ್ಲ. ಜಿಲ್ಲೆಗೊಂದು ಸಣ್ಣ ತಂಡ, ವಾರಕ್ಕೊಂದು ತರಗತಿ, ಕನ್ನಡದಲ್ಲೂ ಉರ್ದುವಿನಲ್ಲೂ ಸಿದ್ಧವಾದ ಪಾಠಗಳು ಇದ್ದರೆ ಆರಂಭಕ್ಕೆ ಸಾಕು.